ಬಟ್ಟೆ ಒಗೆಯುವ ಕೋಣೆಯಲ್ಲಿರುವ ಕೋಳಿಯ ಕುರಿತು

ಪುರಸಭೆಯ ಪ್ರಾಣಿ ನಿಯಂತ್ರಣ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನಾಯಿ ಕಚ್ಚಿದ್ದು ನನ್ನ ತಾಯಿಯ ಕೋಳಿಗಳನ್ನು. ನೋಟಿಸ್ ಬಂದದ್ದು ನನಗೆ. ಈ ಎರಡರ ನಡುವೆ ನಡೆದದ್ದನ್ನು ಮೊದಲು ಕ್ರಮವಾಗಿ ದಾಖಲಿಸುತ್ತೇನೆ.

೧. ಜುಲೈ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ, ಪಕ್ಕದ ಮನೆಯ ಡ್ವೇನ್ ಅವರ ಎರಡು ನಾಯಿಗಳಲ್ಲಿ ಒಂದು ಬೇಲಿಯ ಮುರುಕಿನಿಂದ ನಮ್ಮ ಹಿತ್ತಿಲಿಗೆ ನುಗ್ಗಿತು.

೨. ಆರು ಕೋಳಿಗಳಲ್ಲಿ ಎರಡಕ್ಕೆ ಗಾಯವಾಯಿತು. ಕಪ್ಪು ಕೋಳಿ ಮೇಬಲ್‌ನ ಬೆನ್ನಿನ ಮೇಲೆ ಹಲ್ಲು ಊರಿದ್ದವು. ಚುಕ್ಕಿ ಕೋಳಿ ಡಾಟ್‌ನ ಚರ್ಮ ರೆಕ್ಕೆಯ ಬುಡದಿಂದ ಬಾಲದವರೆಗೆ ಕಿತ್ತುಬಂದಿತ್ತು.

೩. ಅದೇ ದಿನ ನಿಮ್ಮ ಕಚೇರಿಗೆ ದೂರು ಕೊಟ್ಟೆ. ಗುರುವಾರ ನಿಮ್ಮ ಅಧಿಕಾರಿ ಬಂದರು.

೪. ನಾಯಿಗಳ ವಿಷಯದಲ್ಲಿ ಇಂದಿನವರೆಗೆ ಯಾವ ಕ್ರಮವೂ ಆಗಿಲ್ಲ. ವಾಸದ ಮನೆಯೊಳಗೆ ಕೋಳಿ ಇಟ್ಟುಕೊಂಡದ್ದಕ್ಕಾಗಿ ನನ್ನ ಮೇಲೆ ನೋಟಿಸ್ ಜಾರಿಯಾಗಿದೆ.

೫. ಮೇಬಲ್ ಸತ್ತಿದೆ. ಅದನ್ನು ಕೊಂದದ್ದು ನಾಯಿಯಲ್ಲ.

ಗಾಯಗೊಂಡ ಕೋಳಿಯನ್ನು ಹಿಂಡಿನಲ್ಲಿ ಬಿಡಬಾರದು ಎಂಬುದು ಕೋಳಿ ಸಾಕಿದ ಯಾರಿಗಾದರೂ ಗೊತ್ತು. ಕೆಂಪು ಕಂಡರೆ ಉಳಿದವು ಕುಕ್ಕುತ್ತವೆ, ಒಮ್ಮೆ ಶುರುವಾದರೆ ನಿಲ್ಲಿಸುವುದಿಲ್ಲ. ಜುಲೈಯ ಚಳಿಗಾಲದಲ್ಲಿ ಟಾಸ್ಮೇನಿಯಾದ ಈ ಕರಾವಳಿಯ ಗಾಳಿ ಎಂಥದ್ದೆಂದು ತಮಗೆ ನಾನು ಹೇಳಬೇಕಿಲ್ಲ. ನಮ್ಮ ಮನೆಯಲ್ಲಿ ಹಗಲೂ ರಾತ್ರಿ ಬೆಚ್ಚಗಿರುವ ಜಾಗವೆಂದರೆ ಬಿಸಿನೀರಿನ ಟ್ಯಾಂಕ್ ಇರುವ ಬಟ್ಟೆ ಒಗೆಯುವ ಕೋಣೆಯೊಂದೇ. ಎರಡು ರಟ್ಟಿನ ಪೆಟ್ಟಿಗೆಗಳಲ್ಲಿ ಹುಲ್ಲು ಹಾಸಿ ಎರಡನ್ನೂ ಅಲ್ಲಿಟ್ಟೆ. ಗಾಯದ ಸುತ್ತಲ ಗರಿಗಳನ್ನು ಕತ್ತರಿಸಿ, ಕುದಿಸಿ ಆರಿಸಿದ ಉಪ್ಪುನೀರಿನಿಂದ ತೊಳೆದೆ. ಡಾಟ್‌ಗೆ ಹೊಲಿಗೆ ಹಾಕುವಷ್ಟು ಚರ್ಮ ಉಳಿದಿಲ್ಲ, ಒಳಗಿನಿಂದ ಮಾಂಸ ತುಂಬಿಕೊಂಡು ಬರಬೇಕು, ಅದಕ್ಕೆ ವಾರಗಳೇ ಹಿಡಿಯುತ್ತವೆ ಎಂದು ಪಶುವೈದ್ಯೆ ಹೇಳಿದರು. ಹಿಂಡಿನಿಂದ ದೂರ, ಬೆಚ್ಚಗೆ ಇರಿಸಿ ಎಂದು ಬರೆದೂ ಕೊಟ್ಟರು.

ನನ್ನ ತಾಯಿ ವಿನಿಫ್ರೆಡ್ ಹಸುಗಳ ಫಾರಂನಲ್ಲಿ ಬೆಳೆದವರು. ಕೋಳಿಯ ವಿಷಯದಲ್ಲಿ ಅವರಿಗೆ ಭಾವುಕತೆಯಿಲ್ಲ. ಆದರೆ ಪಾರ್ಶ್ವವಾಯುವಾದ ಮೇಲೆ ಅವರು ಮನೆಯಿಂದ ಹೊರಗೆ ಕಾಲಿಡುತ್ತಿದ್ದದ್ದು ಈ ಆರು ಕೋಳಿಗಳಿಗಾಗಿ ಮಾತ್ರ. ಎರಡು ದಿನ ತಲೆ ಎತ್ತದ ಡಾಟ್‌ನ ಎದುರು ಕುರ್ಚಿ ಹಾಕಿಕೊಂಡು, ನೆಟ್ಟಗಿರುವ ಒಂದೇ ಕೈಯಲ್ಲಿ ಬೇಯಿಸಿದ ಮೊಟ್ಟೆ ಹಿಸುಕಿ ಬೆರಳ ತುದಿಯಲ್ಲಿ ಹಿಡಿದು ಕೂರುತ್ತಿದ್ದರು. ನನ್ನತ್ತ ನೋಡಿ, "ಇವನಪ್ಪ ಇದ್ದಿದ್ರೆ ಇಷ್ಟೊತ್ತಿಗೆ ನೀನು ಸೂಪ್ ಆಗಿರ್ತಿದ್ದೆ ಕಣೇ. ಆ ಪುಣ್ಯಕ್ಕಾದ್ರೂ ತಿನ್ನು," ಎನ್ನುತ್ತಿದ್ದರು. ಮೂರನೆಯ ದಿನ ಅದು ತಿಂದಿತು.

ಡ್ವೇನ್ ಅವರ ಮನೆಗೂ ಹೋಗಿದ್ದೆ. ಅವರು ಬಾಗಿಲಿಗೆ ಒರಗಿ ನಿಂತು, "ನಾಯಿ ಆಟ ಆಡಿದೆ ಅಷ್ಟೇ ಗುರು. ಕೋಳಿಗೂ ಆಸ್ಪತ್ರೆನಾ? ಬೇರೆ ಎರಡು ತಂದ್ಕೊಡ್ತೀನಿ ಬಿಡು," ಎಂದರು. ಬೇಲಿಯ ಮಾತೆತ್ತಿದಾಗ, "ಬೇಲಿ ಅರ್ಧ ನಿಂದೂ ಅಲ್ವಾ?" ಎಂದರು. ಅದು ಸತ್ಯ. ಆ ಸಂಜೆಯೇ ಹಲಗೆ ತಂದು ಮುರುಕನ್ನು ಮುಚ್ಚಿದೆ. ನಾಯಿಗಳು ಈಗ ಅದರ ಕೆಳಗೆ ನೆಲ ತೋಡುತ್ತಿವೆ.

ಇನ್ನು ತಮ್ಮ ಅಧಿಕಾರಿಯ ತನಿಖೆ. ಕೋಳಿಯನ್ನು ನಾಯಿ ಎಳೆದಾಡಿದ್ದನ್ನು ಕಿಟಕಿಯಿಂದ ಕಂಡವರು ನನ್ನ ತಾಯಿ. ಅವರನ್ನು ಅಧಿಕಾರಿ ಕೇಳಿದರು:

"ಎರಡೂ ನಾಯಿ ಒಂದೇ ಥರ ಇವೆಯಲ್ಲಮ್ಮ. ಕಚ್ಚಿದ್ದು ಯಾವುದು ಅಂತ ಗುರುತಿಸ್ತೀರಾ?"

"ಬಾಯಲ್ಲಿ ನನ್ನ ಕೋಳಿ ಇದ್ದದ್ದು."

"ಅದನ್ನ ಗುರುತು ಅಂತ ಬರ್ಕೊಳ್ಳೋಕಾಗಲ್ಲ."

"ಹಾಗಾದ್ರೆ ಎರಡನ್ನೂ ಕರೆಸಿ ವಿಚಾರಣೆ ಮಾಡಪ್ಪ. ಯಾವುದೋ ಒಂದು ಒಪ್ಕೊಳ್ಳುತ್ತೆ."

ಗಾಯವನ್ನಾದರೂ ನೋಡಲಿ ಎಂದು ಕೋಣೆಯ ಬಾಗಿಲನ್ನು ನಾನೇ ತೆರೆದೆ. ಅವರು ಗಾಯ ನೋಡಲಿಲ್ಲ. ಪೆಟ್ಟಿಗೆಯಿಂದ ಅಡುಗೆಮನೆಗೆ ಎಷ್ಟು ದೂರ ಎಂದು ಟೇಪು ಹಿಡಿದು ಅಳೆದರು. ಮರುದಿನ ನೋಟಿಸ್ ಬಂತು: ಕೋಳಿಗಳನ್ನು ವಾರದೊಳಗೆ ಅನುಮತಿ ಪಡೆದ ಗೂಡಿಗೆ ಸ್ಥಳಾಂತರಿಸತಕ್ಕದ್ದು. ವೈದ್ಯೆಯ ಚೀಟಿಯನ್ನು ಉಲ್ಲೇಖಿಸಿ ಅದೇ ಅಧಿಕಾರಿಗೆ ಫೋನು ಮಾಡಿದೆ. "ನಿಯಮದಲ್ಲಿ ಗಾಯದ ಕೋಳಿ ಅಂತ ಬೇರೆ ಇಲ್ಲ ಸರ್. ಕೋಳಿ ಅಂದ್ರೆ ಕೋಳಿ," ಎಂದರು. ಹಿತ್ತಿಲಲ್ಲಿ ಇನ್ನೊಂದು ಗೂಡು ಕಟ್ಟಲೇ ಎಂದು ಕೇಳಿದೆ. ಅದಕ್ಕೆ ಪ್ರತ್ಯೇಕ ಅರ್ಜಿ, ಆರು ವಾರ ಕಾಯಬೇಕು ಎಂಬ ಉತ್ತರ ಬಂತು.

ಹಾಲಿನ ಕಾರ್ಖಾನೆಯಲ್ಲಿ ಮಾಪಕಗಳನ್ನು ಪರೀಕ್ಷಿಸಿ ಸರಿಪಡಿಸುವುದು ನನ್ನ ವೃತ್ತಿ. ನಿಯಮ ಪಾಲಿಸುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಹಾಗಾಗಿ, ಗಾಯ ಒಣಗುತ್ತಿದ್ದ ಮೇಬಲ್ಲನ್ನು ಮೊದಲು ಸ್ಥಳಾಂತರಿಸಿದೆ. ಗೂಡಿನೊಳಗೆ ತಂತಿಜಾಲರಿಯ ಅಡ್ಡಗೋಡೆ ಹಾಕಿ, ಒಂದು ಬದಿಗೆ ಮೇಬಲ್, ಇನ್ನೊಂದು ಬದಿಗೆ ಉಳಿದ ನಾಲ್ಕು. ಆದರೆ ಕೋಳಿ ಒಂಟಿಯಾಗಿ ಮಲಗುವ ಪ್ರಾಣಿಯಲ್ಲ. ಕತ್ತಲಾದ ಮೇಲೆ ಅದು ತನ್ನವರ ಬಳಿಗೆ ಸರಿದು, ಜಾಲರಿಗೆ ಬೆನ್ನೊತ್ತಿ ಕುಳಿತಿದೆ. ಬೆಳಕು ಹರಿದಾಗ ಅವು ಜಾಲರಿಯ ಕಣ್ಣುಗಳಿಂದಲೇ ಗಾಯವನ್ನು ತೆರೆದಿದ್ದವು. ನಾನು ಹೋದಾಗ ಬೆನ್ನೆಲುಬು ಕಾಣುತ್ತಿತ್ತು, ಕೋಳಿ ಇನ್ನೂ ಕುಳಿತೇ ಇತ್ತು. ನನ್ನ ತಾಯಿಗೆ ಈಗ ಎರಡು ಕೈಯ ಬಲವಿಲ್ಲ. ಕತ್ತನ್ನು ಎಲ್ಲಿ ಹಿಡಿಯಬೇಕು, ಹೇಗೆ ತಿರುಚಬೇಕು ಎಂದು ಅವರು ಬಾಗಿಲಲ್ಲಿ ನಿಂತು ಹೇಳಿದರು. "ಬೇಗ ಮಾಡು ರೋಡ್ರಿಕ್. ನೀನು ಯೋಚನೆ ಮಾಡ್ದಷ್ಟೂ ಅದಕ್ಕೇ ಕಷ್ಟ." ಮಾಡಿದೆ. ಅಂದಿನಿಂದ ಅವರು ಹಿತ್ತಿಲಿಗೆ ಹೋಗಿಲ್ಲ.

ಮಾನ್ಯರೇ, ಕಾರ್ಖಾನೆಯಲ್ಲಿ ಮಾಪಕವೊಂದು ತಪ್ಪು ತೋರಿಸಿದರೆ ನಾನು ಹಾಲಿಗೆ ನೋಟಿಸ್ ಕೊಡುವುದಿಲ್ಲ. ತಮ್ಮ ಇಲಾಖೆಗೆ ನಾಯಿಯನ್ನು ಹಿಡಿಯುವುದು ಕಷ್ಟವಾಯಿತು, ನನ್ನನ್ನು ಹಿಡಿಯುವುದು ಸುಲಭವಾಯಿತು ಎನ್ನುವುದರ ಹೊರತು ಈ ಕ್ರಮಕ್ಕೆ ಬೇರೆ ತರ್ಕವಿದ್ದರೆ ದಯವಿಟ್ಟು ತಿಳಿಸಿ. ವಿಳಾಸವಿರುವವನು, ಬಾಗಿಲು ತೆರೆಯುವವನು, ಕೇಳಿದ್ದಕ್ಕೆ ಉತ್ತರಿಸುವವನು, ಇಂಥವನಿಗಿಂತ ಅನುಕೂಲದ ಅಪರಾಧಿ ಯಾವ ಕಚೇರಿಗೆ ಸಿಕ್ಕಾನು? ಮನೆಯೊಳಗೆ ಕೋಳಿ ಇರಬಾರದು ಎಂಬ ನಿಯಮ ಜನರ ಆರೋಗ್ಯಕ್ಕಾಗಿ ಇದೆ ಎಂದು ನೋಟಿಸಿನಲ್ಲಿ ಬರೆದಿದೆ. ಸರಿ. ಬೇಲಿಯ ಕೆಳಗೆ ತೋಡುತ್ತಿರುವ ನಾಯಿಗಳು ಯಾರ ಆರೋಗ್ಯಕ್ಕಾಗಿ ಇವೆ? ಕೈಗೋಲು ಹಿಡಿದು ನಡೆಯುವ ಎಂಬತ್ತೊಂದರ ಹೆಂಗಸೊಬ್ಬರು ಆ ಹಿತ್ತಿಲಲ್ಲಿ ಇದ್ದಿದ್ದರೆ, ಆಗಲೂ ತಾವು ಕೋಣೆಯನ್ನೇ ಅಳೆಯುತ್ತಿದ್ದಿರೇ?

ನಾಯಿಯನ್ನು ಕೊಲ್ಲಿ ಎಂದು ನಾನು ಕೇಳುತ್ತಿಲ್ಲ. ಎರಡೂ ನಾಯಿಗಳನ್ನು ಕಟ್ಟಿ ಸಾಕುವಂತೆ ಅವುಗಳ ಒಡೆಯರಿಗೆ ಲಿಖಿತ ಆದೇಶ ಕೊಡಿ. ನನ್ನ ಮೇಲಿನ ನೋಟಿಸನ್ನು ಹಿಂತೆಗೆದುಕೊಳ್ಳಿ. ಗಾಯಗೊಂಡ ಸಾಕುಪ್ರಾಣಿ ವಾಸಿಯಾಗುವವರೆಗೆ ಮನೆಯೊಳಗೆ ಇರಬಹುದು ಎಂದು ನಿಯಮಕ್ಕೆ ಒಂದು ಸಾಲು ಸೇರಿಸಿ.

ನೋಟಿಸಿನ ಗಡುವು ನಾಳೆಗೆ ಮುಗಿಯುತ್ತದೆ. ಡಾಟ್‌ನ ಗಾಯ ಅಂಗೈಯಗಲ ಇನ್ನೂ ಹಸಿಯಾಗಿದೆ. ನಾನು ಅದನ್ನು ಹೊರಗೆ ಬಿಡುವುದಿಲ್ಲ. ಚರ್ಮ ಕೂಡಿಕೊಳ್ಳುವವರೆಗೆ ಅದು ಬಟ್ಟೆ ಒಗೆಯುವ ಕೋಣೆಯಲ್ಲೇ ಇರುತ್ತದೆ, ತಮ್ಮ ಅಧಿಕಾರಿ ಬಂದರೆ ಈ ಸಲ ನಾನು ಬಾಗಿಲು ತೆರೆಯುವುದಿಲ್ಲ.

ಇಂತಿ,
ತಮ್ಮ ಕಡತದೊಳಗೆ ದೂರುದಾರನಾಗಿ ಹೋಗಿ ತಪ್ಪಿತಸ್ಥನಾಗಿ ಉಳಿದ,
ರೋಡ್ರಿಕ್ ಹಿಲ್ಯರ್