ಅದೇ ಹೆಸರಿನ ಬೇರೆ ಫೈಲು

೧೪ ಆಗಸ್ಟ್, ಗುರುವಾರ. ಸಿಂದಗಿ.

ತಲೆ ಕೆಟ್ಟುಹೋಗಿದೆ. ನಾಲ್ಕು ವರ್ಷದಿಂದ ನಾನು ನೋಡಿಕೊಳ್ಳುತ್ತಿರುವ ಕನ್ನಡ ಕೀಬೋರ್ಡಿನ ಪ್ಯಾಕೇಜು ಇವತ್ತು ಬಿಲ್ಡ್ ಆಗಲಿಲ್ಲ, ಅಂದರೆ ಜನರಿಗೆ ಹಂಚುವ ರೂಪಕ್ಕೆ ಬರಲಿಲ್ಲ. ಇಳಿಸಿಕೊಂಡ ಮೂಲ ಫೈಲಿನ ಹೆಸರು ಅದೇ, ಆವೃತ್ತಿ ಅದೇ, ಫೈಲಿನ ಬೆರಳ ಗುರುತಿನಂಥ ಚೆಕ್‌ಸಮ್ ಮಾತ್ರ ಬೇರೆ. ಅಂದರೆ ಒಳಗೆ ಯಾರೋ ಕೈಯಾಡಿಸಿದ್ದಾರೆ. ಕೀಬೋರ್ಡ್ ಬರೆದವನದೆಂದು ಫೈಲಿನಲ್ಲಿದ್ದ ವಿಳಾಸಕ್ಕೆ ಮೇಲ್ ಮಾಡಿದೆ. "ನಾನೇ ತಿದ್ದಿದ್ದು, ಸರಿಯಿದೆ" ಎಂದು ಹತ್ತೇ ನಿಮಿಷಕ್ಕೆ ಉತ್ತರ ಬಂತು. ಸಮಾಧಾನವಾಗಿ, ಚೆಕ್‌ಸಮ್ ತಪಾಸಣೆ ಬದಿಗಿಟ್ಟು ಹೊಸ ಕೀಬೋರ್ಡನ್ನು ಮೊದಲು ನನ್ನ ಲ್ಯಾಪ್‌ಟಾಪಿಗೇ ಹಾಕಿಕೊಂಡೆ.

ಜೋಳ ಹಸನು ಮಾಡುತ್ತಿದ್ದ ಅವ್ವನಿಗೆ ಇದನ್ನೆಲ್ಲ ಹೇಳಿದೆ. ಅವಳು ಮೊರ ಕೆಳಗಿಟ್ಟಳು.

"ಆ ವಿಳಾಸ ನಿನಗ ಎಲ್ಲಿ ಸಿಕ್ತು?"

"ಆ ಫೈಲಿನ್ಯಾಗ ಇತ್ತು."

"ನಿನಗ ಅನುಮಾನ ಇದ್ದದ್ದು ಯಾವುದರ ಮ್ಯಾಲ?"

"ಅದರ ಮ್ಯಾಲ."

"ಹಂಗಾದ್ರ ನೀ ಕೇಳಿದ್ದು ಯಾರನ್ನ?"

ಹಳೆಯ ಪ್ರತಿ ಇಟ್ಟುಕೊಂಡಿದ್ದೆ, ಪುಣ್ಯ. ಹೋಲಿಸಿ ನೋಡಿದೆ. ಬದಲಾಗಿದ್ದು ವಿಳಾಸ, ಜೊತೆಗೆ ನನಗೆ ಅರ್ಥವಾಗದ ಆರು ಸಾಲು. ಹಳೆಯ ವಿಳಾಸಕ್ಕೆ ಬರೆದದ್ದು ವಾಪಸ್ ಬಂತು. ಕೀಬೋರ್ಡ್ ಬರೆದ ಪುಣ್ಯಾತ್ಮ ವಿಳಾಸ ಬದಲಿಸಿರಬಹುದು. ಅವನ ಜಾಗದಲ್ಲಿ ಬೇರೆ ಯಾರೋ ಕೂತಿರಬಹುದು. ಯಾರನ್ನು ನಂಬಲಿ? ಈ ಕೀಬೋರ್ಡಿನಲ್ಲಿ ಜನ ಪಾಸ್‌ವರ್ಡನ್ನೂ ಒತ್ತುತ್ತಾರೆ. ಹಳೆಯ ಚೆಕ್‌ಸಮ್ ಪ್ಯಾಕೇಜಿನಲ್ಲಿ ಹಾಗೇ ಬಿಟ್ಟಿದ್ದೇನೆ; ಹೊಸ ಫೈಲು ಅದಕ್ಕೆ ಹೊಂದುವುದಿಲ್ಲ. ಬಿಲ್ಡ್ ನಿಂತರೆ ನಿಲ್ಲಲಿ.

ಅಯ್ಯೋ, ಇದನ್ನೂ ಆ ಹೊಸ ಕೀಬೋರ್ಡಿನಲ್ಲೇ ಟೈಪ್ ಮಾಡು—