ಗಣೆಗೆ ಬಿರಡೆ ಇಲ್ಲ

ಚಿಕ್ಕಜಾಜೂರು,
23 ಫೆಬ್ರವರಿ 2026

ಪ್ರೀತಿಯ ತಂಗಿ ಗಂಗಾ,

ಹೇಗಿದ್ದೀಯ? ಬೀದರಿನಲ್ಲಿ ಚಳಿ ಬಿಟ್ಟಿತೋ ಇಲ್ಲವೋ? ಮೊಣಕೈ ನೋವಿಗೆ ಡಾಕ್ಟರರನ್ನು ಕಂಡೆಯಾ, ಇಲ್ಲ ಪರೀಕ್ಷೆ ಮುಗಿಯಲಿ ಎಂದು ಮುಂದೂಡಿದೆಯಾ? ನೀನು ಪಾಠ ಹೇಳುವ ವಸತಿ ಶಾಲೆಯ ಊಟ ಸೇರುವುದಿಲ್ಲ ಎಂದು ಅವ್ವನ ಹತ್ತಿರ ಹೇಳಿದೆಯಂತೆ, ಅಂದಿನಿಂದ ಅವಳು ಚಟ್ನಿಪುಡಿ ಕುಟ್ಟಿ ಡಬ್ಬಿ ತುಂಬುತ್ತಲೇ ಇದ್ದಾಳೆ. ಇಲ್ಲಿ ನಾವು ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಹೋದೆ, ಕೈ ಬರಲಿಲ್ಲ. ಫೋನು ಬಿಟ್ಟು ಕಾಗದ ಬರೆಯುತ್ತಾನಲ್ಲ ಎಂದು ನಗಬೇಡ. ಎರಡು ಕೋಣೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಪಿಸುಗುಟ್ಟಿದರೂ ಅಪ್ಪನಿಗೆ ಕೇಳಿಸುತ್ತದೆ, ಇದು ಅವನಿಗೆ ಕೇಳಿಸಬಾರದ ವಿಷಯ. ಸ್ಟೇಷನ್ನಿನ ನಮ್ಮ ಕೋಣೆಯಲ್ಲಿ ಕೂತು, ಒಂದು ಗೂಡ್ಸ್ ಗಾಡಿ ಹೋಗಿ ಇನ್ನೊಂದು ಬರುವುದರೊಳಗೆ ಬರೆಯುತ್ತಿದ್ದೇನೆ.

ನೀನು ಹೋದಾಗ ನಮ್ಮ ಹೊಸದುರ್ಗದ ವಾದ್ಯವೃಂದದಲ್ಲಿ ಏಳು ಜನ ಇದ್ದೆವು, ಈಗ ಹದಿನೆಂಟು. ಹನುಮಂತಯ್ಯ ಮೇಷ್ಟರು ನಿವೃತ್ತಿಯಾಗಿ ಅಧ್ಯಕ್ಷರಾದರು, ಹಾರ್ಮೋನಿಯಂ ಕೂಡ ಅವರದೇ. ಪಿಟೀಲಿನವರಿಗೆಲ್ಲ ನಾಗಶ್ರೀ ಮುಂದಾಳು. ಎಲ್ಲರ ಮುಂದೆ ನಿಂತು ಕೈ ಆಡಿಸುವ ಕರ್ಮ ಮಾತ್ರ ಇನ್ನೂ ನನ್ನದೇ. ವಾರವಿಡೀ ಸ್ಟೇಷನ್ನಿನಲ್ಲಿ ಗಾಡಿಗಳ ಹಳಿ ಬದಲಿಸುವುದು, ಭಾನುವಾರ ಬಸ್ಸು ಹತ್ತಿ ಹೋಗಿ ತಾಳ ತಪ್ಪುವವರನ್ನು ಹಳಿಗೆ ತರುವುದು. ಸಾಕಾಗಿದೆ ಗಂಗಾ. ನೀನಿದ್ದಾಗ ಈ ಕೆಲಸದಲ್ಲಿ ನಗುವಾದರೂ ಇತ್ತು.

ಈ ವರ್ಷ ನಾಲ್ಕು ಊರಲ್ಲಿ ನಾಲ್ಕು ಕಛೇರಿ, ಒಂದೊಂದಕ್ಕೂ ಹೊರಗಿನ ಒಬ್ಬ ಅತಿಥಿ ಕಲಾವಿದರು ಎಂದು ಗೊತ್ತುಮಾಡಿದೆವು. ನವೆಂಬರಿನಲ್ಲಿ ಚಿತ್ರದುರ್ಗಕ್ಕೆ ಪಿಟೀಲಿನವರು ಬಂದರು, ಡಿಸೆಂಬರಿನಲ್ಲಿ ಹಿರಿಯೂರಿಗೆ ವೀಣೆಯವರು. ಇಬ್ಬರೂ ತಂತಿಯವರು. ಬಿರಡೆ ತಿರುಗಿಸಿ ನಗುನಗುತ್ತ ಅಪ್ಪನ ಗಣೆಯ ಶ್ರುತಿಗೆ ಬಂದರು. ಮೊದಲಿನಿಂದಲೂ ನಮ್ಮ ಶ್ರುತಿ ಅದೇ ತಾನೆ? ಕುರಿ ಕಾಯುವಾಗ ಅವನೇ ಕೊರೆದುಕೊಂಡ ಬಿದಿರ ಕೊಳಲು, ಅದಕ್ಕೆ ಬಿರಡೆ ಇಲ್ಲ, ಏರಿಸಲೂ ಇಳಿಸಲೂ ಬರುವುದಿಲ್ಲ. ಮೇಷ್ಟರು ತಮ್ಮ ಹಾರ್ಮೋನಿಯಂನ ರೀಡುಗಳನ್ನೇ ಕೆರೆಸಿ ಅದಕ್ಕೆ ಹೊಂದಿಸಿಕೊಂಡಿದ್ದರು.

ಜನವರಿಯಲ್ಲಿ ಹೊಳಲ್ಕೆರೆಗೆ ಮೋಹನ್‌ಕುಮಾರ್ ಎಂಬ ಸ್ಯಾಕ್ಸೋಫೋನಿನವರು ಬಂದರು. ಒಳ್ಳೆಯ ಮನುಷ್ಯ, ಅವರ ತಪ್ಪೇನೂ ಇಲ್ಲ. ಅವರ ವಾದ್ಯ ಅರ್ಧ ಸ್ವರ ಮೇಲಿತ್ತು, ಅದನ್ನೂ ಇಳಿಸಲು ಬರುವುದಿಲ್ಲ. ಕಛೇರಿಗೆ ಇನ್ನು ಒಂದೇ ಗಂಟೆ. ಪಿಟೀಲುಗಳು ಏರಿದವು, ಮೇಷ್ಟರು ಯಾರದೋ ಬೇರೆ ಹಾರ್ಮೋನಿಯಂ ತರಿಸಿದರು. “ಅತಿಥಿ ಯಾವ ಶ್ರುತಿನೋ ನಮ್ದೂ ಅದೇ, ಇನ್ಮ್ಯಾಲೆ ಇದೇ ನೇಮ” ಎಂದು ಸಂಘದ ಪುಸ್ತಕದಲ್ಲಿ ಬರೆದರು, ಕೆಳಗೆ ನಾನೂ ಸಹಿ ಹಾಕಿದೆ. ಆಮೇಲೆ ಅಪ್ಪನ ಹತ್ತಿರ ಹೋಗಿ, ಈ ಸಲ ನೀನು ನುಡಿಸಬೇಡ, ವೇದಿಕೆಯಲ್ಲಿ ಕೂತಿದ್ದರೆ ಸಾಕು ಎಂದೆ. ಅವನು, “ಆಗ್ಲಿ ಬಿಡಪ್ಪ” ಎಂದ. ಅಷ್ಟೇ.

ನಮ್ಮ ಮನೆಯಲ್ಲಿ ಗಣೆಯನ್ನು ನೆಲಕ್ಕಿಡುವುದಿಲ್ಲ, ನಿನಗೆ ಗೊತ್ತು. ಹೋದ ಊರಲ್ಲೆಲ್ಲ ಅಪ್ಪನ ಕುರ್ಚಿಯ ಪಕ್ಕ ಗಣೆ ನೇತುಹಾಕಲು ಒಂದು ಮೊಳೆ ಹೊಡೆಯುವುದು ನನ್ನ ಕೆಲಸ. ಹೊಳಲ್ಕೆರೆಯಲ್ಲಿ ನುಡಿಸುವುದೇ ಇಲ್ಲವಲ್ಲ ಎಂದು ಮೊಳೆ ಹೊಡೆಯಲಿಲ್ಲ. ಒಂದೂವರೆ ಗಂಟೆ, ತೋಳಿಗಿಂತ ಉದ್ದದ ಆ ಬಿದಿರನ್ನು ಎರಡೂ ಕೈಯಲ್ಲಿ ಹಿಡಿದು, ಹದಿನೇಳು ಜನ ನುಡಿಸುವುದನ್ನು ಅವನು ನೋಡುತ್ತ ಕೂತಿದ್ದ. ಕೊನೆಯ ಚಪ್ಪಾಳೆಗೆ ತಿರುಗಿದಾಗ ನೋಡಿದೆ, ಇನ್ನೂ ಹಾಗೇ ಹಿಡಿದುಕೊಂಡಿದ್ದ. ಚಪ್ಪಾಳೆ ತಟ್ಟಲು ಅವನಿಗೆ ಕೈ ಬಿಡುವಿರಲಿಲ್ಲ.

ಹೊರಡುವಾಗ ಮೋಹನ್‌ಕುಮಾರ್, ಯಜಮಾನರು ಯಾಕೆ ನುಡಿಸಲಿಲ್ಲ ಎಂದು ಕೇಳಿದರು. ಅವರ ಮನಸ್ಸಿಗೆ ಬೇಜಾರಾಗದಿರಲಿ ಎಂದು, ನೆಗಡಿಯಾಗಿದೆ ಎಂದುಬಿಟ್ಟೆ. ಅಪ್ಪ ಪಕ್ಕದಲ್ಲೇ ಇದ್ದ. ನನ್ನ ಮುಖ ನೋಡಿದ, ಆಮೇಲೆ ಎರಡು ಸಲ ಕೆಮ್ಮಿದ. ನನ್ನ ಮಾನ ಉಳಿಸಲು ಕೆಮ್ಮಿದ ಗಂಗಾ. ನನಗೆ ಅಲ್ಲೇ ಅಳು ಬಂತು, ಬ್ಯಾನರು ಬಿಚ್ಚುವವನಂತೆ ಆ ಕಡೆ ತಿರುಗಿದೆ. ಮನೆಗೆ ಬಂದು ಹೇಳಿದರೆ ಅವ್ವ ಕೇಳಿದ್ದು ಒಂದೇ ಮಾತು: “ಅಷ್ಟೊತ್ತೂ ಅವರ ಕೈಯಾಗಿಂದ ಯಾರಾದ್ರೂ ಅದನ್ನ ಇಸ್ಕಂಡ್ರೇನಪ್ಪ?”

ಅಂದಿನಿಂದ ಗಣೆ ಗೋಡೆಗೆ ನೇತಾಡುತ್ತಿದೆ. ದಿನಾ ಅವನ ಗಣೆ ಕೇಳುತ್ತ ಬೆಳಗಿನ ಪ್ಯಾಸೆಂಜರಿಗೆ ಕಾಯುತ್ತಿದ್ದವರು, ಯಜಮಾನರು ಊರಲ್ಲಿಲ್ಲವೇ ಎಂದು ಕೇಳುತ್ತಾರೆ. ಯುಗಾದಿಗೆ ತನ್ನೂರು ಮಾಡದಕೆರೆಯ ಹಟ್ಟಿಗೆ ಹೋಗಿ, ನುಡಿಸುವವರು ಯಾರಾದರೂ ಇದ್ದರೆ ಕೊಟ್ಟುಬರುತ್ತಾನಂತೆ. ಸಿಟ್ಟಿಲ್ಲ, ಸಪ್ಪೆ ಮುಖವೂ ಇಲ್ಲ, ಹಳೆಯ ಕಂಬಳಿ ಕೊಡುವವನ ಹಾಗೆ ಹೇಳುತ್ತಾನೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಗಾಡಿಯ ಸಿಗ್ನಲ್ ಆಯಿತು, ಏಳಬೇಕು. ಅವ್ವನ ಡಬ್ಬಿ ಬೇರೆ ಪಾರ್ಸೆಲ್ಲಿನಲ್ಲಿ ಬರುತ್ತದೆ. ಮಕ್ಕಳಿಗೆ ಹಂಚಿ ನೀನು ಉಪವಾಸ ಇರಬೇಡ. ಅಪ್ಪ ಅವ್ವನ ಆಶೀರ್ವಾದ ಅವರು ಹೇಳದಿದ್ದರೂ ಸದಾ ಇದೆ, ನನ್ನದೂ ಜೊತೆಗಿರಲಿ.

ನಿನ್ನಣ್ಣ,
ಮಂಜಣ್ಣ

ಅವಸರದಲ್ಲಿ ಇನ್ನೊಂದು ಮಾತು: ಮಾರ್ಚ್ 15ರ ಹೊಸದುರ್ಗದ ಕಛೇರಿಗೆ ಗೊತ್ತಾಗಿದ್ದ ಅತಿಥಿ ಬರಲಾಗುವುದಿಲ್ಲ ಎಂದರು. ಬೇರೆ ಹೆಸರು ಬರೆದುಕೊಡು ಎಂದು ಮೇಷ್ಟರು ನನಗೇ ಬಿಟ್ಟರು. ‘ಅತಿಥಿ ಕಲಾವಿದರು: ಮಾಡದಕೆರೆ ಕಾಟಲಿಂಗಪ್ಪ, ಗಣೆ’ ಎಂದು ಅಪ್ಪನ ಹೆಸರನ್ನೇ ಬರೆದುಕೊಟ್ಟೆ. ಅತಿಥಿಯ ಶ್ರುತಿಯೇ ನಮ್ಮದು ಎಂಬ ನೇಮ ಅವರದೇ, ಓದಿ, ಕೆರೆಸಿದ ಹಾರ್ಮೋನಿಯಂ ಒರೆಸಿಡುತ್ತೇನೆ ಎಂದರು. ಆಹ್ವಾನ ಪತ್ರಿಕೆ ಅಚ್ಚಾಗಿದೆ, ಅಪ್ಪನಿಗೆ ಮಾತ್ರ ಗೊತ್ತಿಲ್ಲ. ನಾನು ಕೇಳಿದರೆ ಮತ್ತೆ ಆಗ್ಲಿ ಬಿಡಪ್ಪ ಎನ್ನುತ್ತಾನೆ, ಆ ಮಾತು ಇನ್ನೊಂದು ಸಲ ಕೇಳಲಾರೆ. ಎರಡು ದಿನ ಮುಂಚೆ ಬಂದು ನೀನೇ ಕೇಳು, ಗೋಡೆಯಿಂದ ಇಳಿಸಿ ಅವನ ಕೈಗೆ ಕೊಡು. ಹೊಸದುರ್ಗದಲ್ಲಿ ಮೊಳೆ ಹೊಡೆದು ಬಂದಿದ್ದೇನೆ.