ಏಳು ಡಬ್ಬಿ ಅಣಬೆ ಪುಡಿ

ತಾಜಿಮಿ,
೭ ಡಿಸೆಂಬರ್ ೨೦೦೮, ಭಾನುವಾರ

ಪ್ರೀತಿಯ ತಮ್ಮ ಟೆಪ್ಪೇಗೆ,

ಹೇಗಿದ್ದೀಯ? ಇಲ್ಲಿ ಚಳಿ ಬಲವಾಗಿದೆ, ಹಕಾತಾದಲ್ಲಿ ಇಷ್ಟಿರಲಿಕ್ಕಿಲ್ಲ. ಪತ್ರದಲ್ಲಿ ಕೇಳಬೇಕೆಂಬ ರೂಢಿಗೆ ನಿನ್ನ ಆರೋಗ್ಯ ಕೇಳಿದೆ, ಅಷ್ಟೆ. ನಿನ್ನ ವ್ಯಾಪಾರದ ಬಣ್ಣದ ಪುಸ್ತಿಕೆಯ ಮುಖಪುಟದಲ್ಲಿ ನಿನ್ನ ಕೆನ್ನೆಗಳು ಎಣ್ಣೆ ಸವರಿದ ಬದನೆಕಾಯಿಯ ಹಾಗೆ ಹೊಳೆಯುವುದನ್ನು ನೋಡಿದೆ. ಕೆಳಗೆ ‘ಆರೋಗ್ಯ ಮಾರ್ಗದರ್ಶಕ ಕಾಜಿತಾ ಟೆಪ್ಪೇ’ ಅಂತ ಬೇರೆ. ಮೊದಲು ನೀನು ನಲ್ಲಿಗೆ ಸಿಕ್ಕಿಸುವ ನೀರಿನ ಯಂತ್ರ ಮಾರಿದೆ, ಆಮೇಲೆ ಅಯಸ್ಕಾಂತದ ಹಾಸಿಗೆ, ಈಗ ಅಣಬೆ ಪುಡಿ. ಹೈಸ್ಕೂಲಿನ ಜೀವಶಾಸ್ತ್ರದಲ್ಲಿ ನೂರಕ್ಕೆ ಇಪ್ಪತ್ತೆರಡು ತೆಗೆದವನಿಗೆ ಮನುಷ್ಯನ ದೇಹ ಇಷ್ಟು ಬೇಗ ಅರ್ಥವಾಯಿತಲ್ಲ, ಮೆಚ್ಚಬೇಕು.

ಕೊಹಾರು ಕಳೆದ ಶನಿವಾರ ಮನೆಗೆ ಬಂದಳು. ಆರು ವಾರ ಆಸ್ಪತ್ರೆಯಲ್ಲಿದ್ದಳು. ಒಡಹುಟ್ಟಿದ ತಂಗಿ, ನೀನು ಒಂದು ಸಲವೂ ಬರಲಿಲ್ಲ, ಹಣ್ಣಿನ ಬುಟ್ಟಿ ಕಳಿಸಿದೆ. ಫೋನಿನಲ್ಲಿ ನಾನು ಬಾಯಿ ತೆರೆದಾಗಲೆಲ್ಲ ‘ಮೀಟಿಂಗಿನಲ್ಲಿದ್ದೇನೆ ಅಕ್ಕಾ’ ಎಂದು ಇಟ್ಟುಬಿಟ್ಟೆ. ಪತ್ರವನ್ನು ಹಾಗೆ ಇಡಲಾಗುವುದಿಲ್ಲ. ಕೂತು ಓದು.

ಆಗಸ್ಟಿನಲ್ಲಿ ಹಿರಿಯರ ಪೂಜೆಗೆಂದು ನೀನು ಬಂದಿದ್ದೆ. ಅಪ್ಪ ಅಮ್ಮನ ಪಟದ ಮುಂದೆ ಊದುಬತ್ತಿ ಹಚ್ಚಿ ತಿರುಗಿದವನ ಕಣ್ಣು ನೇರ ಕೊಹಾರುವಿನ ಮುಖಕ್ಕೆ ಬಿತ್ತು. ‘ಏನೇ ಇದು, ಮುಖ ಆವಿಯಲ್ಲಿ ಬೇಯಿಸಿದ ಬನ್ನಿನ ಹಾಗಾಗಿದೆ!’ ಅಂದೆ. ಎಂಟು ವರ್ಷದಿಂದ ಅವಳಿಗೆ ಲೂಪಸ್ ಇರುವುದು ನಿನಗೆ ಗೊತ್ತು. ಮೊದಲು ಕೈಬೆರಳು ಚಳಿಗೆ ಬೆಳ್ಳಗಾದವು, ಆಮೇಲೆ ಕೀಲು ನೋವು, ಆಮೇಲೆ ಎರಡು ಕೆನ್ನೆಗೂ ಹರಡಿದ ಕೆಂಪು. ಸ್ಟೀರಾಯ್ಡ್ ಮಾತ್ರೆಯಿಂದ ಅದೆಲ್ಲ ಹಿಡಿತಕ್ಕೆ ಬಂದಿತ್ತು. ಮುಖ ಉಬ್ಬಿದ್ದೂ ಅದರಿಂದಲೇ. ಉದ್ದ ಕೈಯ ಅಂಗಿ, ಅಗಲದ ಟೋಪಿ ಹಾಕಿಕೊಂಡು ದಿನವೂ ಕಾರ್ಖಾನೆಗೆ ಹೋಗಿ ಚಹಾ ಬಟ್ಟಲುಗಳ ಮೇಲೆ ನೀಲಿ ಗೆರೆ ಎಳೆಯುತ್ತಿದ್ದಳು. ಕೈ ನಡುಗುತ್ತಿರಲಿಲ್ಲ. ಅಂಥವಳನ್ನು ಜಗಲಿಯಲ್ಲಿ ಕೂರಿಸಿಕೊಂಡು ನೀನು ಹೇಳಿದ ಮಾತು ಅಡುಗೆಮನೆಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು, ಇದನ್ನು ಯಾರು ನಂಬುತ್ತಾರೆ ಎಂದು ನಾನು ಪಾತ್ರೆ ತೊಳೆಯುತ್ತಲೇ ಇದ್ದೆ. ‘ನಿನ್ನ ರೋಗನಿರೋಧಕ ಶಕ್ತಿ ಕುಗ್ಗಿಹೋಗಿದೆ ಕಣೇ. ಡಾಕ್ಟ್ರು ಅದನ್ನ ಇನ್ನೂ ತುಳೀತಾ ಇದಾರೆ. ಮಾತ್ರೆ ಒಂದು ವಾರ ಅರ್ಧ ಮಾಡು, ಆಮೇಲೆ ಬಿಟ್ಟುಬಿಡು. ಈ ಪುಡಿ ತಗೋ, ಶಕ್ತಿ ತಾನಾಗೇ ಎದ್ದುಬರುತ್ತೆ.’

ಎದ್ದುಬಂತು, ಮಾರ್ಗದರ್ಶಕರೇ. ಚೆನ್ನಾಗಿಯೇ ಎದ್ದುಬಂತು.

ನಾನು ನಗೋಯಾದ ಸಂಶೋಧನಾಲಯದಲ್ಲಿ ಮೂವತ್ತು ವರ್ಷದಿಂದ ಇಲಿ ನೋಡಿಕೊಳ್ಳುವವಳು. ನಿನ್ನ ಗೆಳೆಯರಿಗೆ ‘ನಮ್ಮಕ್ಕ ಇಲಿಗಳ ಆಯಾ’ ಎಂದು ಪರಿಚಯಿಸುತ್ತಿದ್ದೆಯಲ್ಲ, ಆ ಆಯಾಳಿಂದ ಒಂದಿಷ್ಟು ಕಲಿತುಕೋ. ಎದೆಮೂಳೆಯ ಹಿಂದೆ ಥೈಮಸ್ ಎಂಬ ಗ್ರಂಥಿಯಿದೆ. ರೋಗದೊಡನೆ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು ಬಲಿಯುವುದು ಅಲ್ಲಿ. ನಮ್ಮ ಮೈಯನ್ನೇ ಹಾಳುಮಾಡುವಂಥವು ಹೆಚ್ಚಿನಂಶ ಅಲ್ಲೇ ಸಾಯುತ್ತವೆ. ಎಲ್ಲವೂ ಅಲ್ಲ, ಒಂದಷ್ಟು ತಪ್ಪಿಸಿಕೊಂಡು ಹೊರಗೆ ಬರುತ್ತವೆ. ನಿನ್ನ ಮೈಯಲ್ಲೂ ಇವೆ, ನನ್ನ ಮೈಯಲ್ಲೂ ಇವೆ. ಅವನ್ನು ಸುಮ್ಮನಿರಿಸುವ ಬೇರೆ ಕಣಗಳೂ ಅದೇ ಗ್ರಂಥಿಯಿಂದ ಬರುತ್ತವೆ, ಅದಕ್ಕೇ ನಾವು ನೆಟ್ಟಗಿದ್ದೇವೆ. ಇಲಿಮರಿ ಹುಟ್ಟಿದ ಮೂರನೆಯ ದಿನ ಆ ಗ್ರಂಥಿ ತೆಗೆದರೆ, ಸುಮ್ಮನಿರಿಸುವ ಕಣಗಳು ಇನ್ನೂ ಹೊರಗೆ ಬಂದಿರುವುದಿಲ್ಲ. ಕೆಲವು ತಿಂಗಳಲ್ಲಿ ಆ ಇಲಿಯ ರಕ್ತಕಣಗಳು ಅದರದೇ ಜಠರವನ್ನೋ ಅಂಡಾಶಯವನ್ನೋ ಹಾಳುಗೆಡವುತ್ತವೆ. ಹೊರಗಿನ ಯಾವ ರೋಗಾಣುವೂ ಬಂದಿರುವುದಿಲ್ಲ. ಏಳನೆಯ ದಿನ ತೆಗೆದರೋ, ಏನೂ ಆಗುವುದಿಲ್ಲ. ನಾಲ್ಕು ದಿನದ ವ್ಯತ್ಯಾಸ, ಟೆಪ್ಪೇ. ನನ್ನ ಕೈಯಾರೆ ನೂರಾರು ಮರಿಗಳನ್ನು ತೂಕ ಮಾಡಿದ್ದೇನೆ, ಬಡಕಲಾಗುವುದನ್ನು ನೋಡಿದ್ದೇನೆ.

ಕೊಹಾರುವಿನದು ಇಲಿಯದಷ್ಟು ಸರಳವಲ್ಲ. ಯಾಕೆ ಶುರುವಾಯಿತು ಎಂದು ಅವಳ ಡಾಕ್ಟರ್ ಇನುಕಾಯ್ ಅವರಿಗೂ ಪೂರ್ತಿ ಗೊತ್ತಿಲ್ಲ, ಗೊತ್ತಿಲ್ಲ ಎಂದು ಅವರೇ ಬಾಯಿಬಿಟ್ಟು ಹೇಳುತ್ತಾರೆ. ಗೊತ್ತಿರುವುದು ಇಷ್ಟು: ಅವಳ ಮೈ ತನ್ನದೇ ಜೀವಕೋಶದ ಒಳತಿರುಳನ್ನು ಹಗೆ ಎಂದು ತಿಳಿದಿದೆ. ಬಿಸಿಲಿಗೆ ಚರ್ಮದ ಕೋಶ ಸತ್ತರೆ ಆ ತಿರುಳು ಇನ್ನಷ್ಟು ಹೊರಬೀಳುತ್ತದೆ, ಅದರ ಮೇಲೆ ಏರಿಹೋದ ಪ್ರತಿಕಾಯಗಳು ಅದಕ್ಕೇ ಅಂಟಿಕೊಂಡು ಮೂತ್ರಪಿಂಡದ ಸೋಸುವ ಜಾಲದಲ್ಲಿ ಸಿಕ್ಕಿಕೊಳ್ಳುತ್ತವೆ. ಅವಳಿಗೆ ಶಕ್ತಿ ಕಡಿಮೆಯಿರಲಿಲ್ಲ ಮಹಾನುಭಾವ. ಇದ್ದ ಶಕ್ತಿ ಅವಳ ಮೇಲೆಯೇ ತಿರುಗಿತ್ತು. ಮಾತ್ರೆ ಅದನ್ನು ತಡೆದು ನಿಲ್ಲಿಸಿತ್ತು. ನೀನು ಆ ಮಾತ್ರೆ ಬಿಡಿಸಿದೆ.

ಸೆಪ್ಟೆಂಬರಿನಲ್ಲಿ ಅವಳ ಮುಖ ಇಳಿಯಿತು. ಕಾರ್ಖಾನೆಯ ಹೆಂಗಸರು ‘ಮದುವೆ ಹೆಣ್ಣಿನ ಹಾಗೆ ಕಾಣ್ತೀಯ’ ಅಂದರಂತೆ. ಪಾಪ, ಎಂಟು ವರ್ಷದ ಮೇಲೆ ಕನ್ನಡಿಯ ಮುಂದೆ ನಿಲ್ಲುವುದು ನೋಡಿ ನನಗೂ ಸಂತೋಷವಾಯಿತು. ಡಾಕ್ಟರ್ ಡೋಸು ಇಳಿಸಿದ್ದಾರೆ ಎಂದು ಅವಳು ಹೇಳಿದ ಸುಳ್ಳನ್ನು ನಂಬಿದೆ. ಆ ಸಂಭ್ರಮದಲ್ಲೇ ಅವಳು ನಿನಗೆ ಪತ್ರ ಬರೆದದ್ದು, ನೀನು ಅದನ್ನು ಫೋಟೋ ಸಮೇತ, ಪೂರ್ತಿ ಹೆಸರು, ಊರಿನ ಸಮೇತ ನಿನ್ನ ಪುಸ್ತಿಕೆಯಲ್ಲಿ ಅಚ್ಚು ಹಾಕಿಸಿದ್ದು. ಅಕ್ಟೋಬರ್ ಮೊದಲ ವಾರ ಕಾಲು ಬಾತವು. ಮೂತ್ರದಲ್ಲಿ ನೊರೆ ಬರತೊಡಗಿತು. ಹೆದರಿ ನಿನಗೆ ಫೋನ್ ಮಾಡಿದಳು. ನೀನು ಏನಂದೆ, ನೆನಪಿದೆಯೇ? ‘ಒಳ್ಳೇ ಲಕ್ಷಣ ಕಣೇ! ಮೈಯೊಳಗಿನ ವಿಷ ಹೊರಗೆ ಹೋಗ್ತಿದೆ. ಇನ್ನೂ ಒಂದು ಚಮಚ ಜಾಸ್ತಿ ತಗೋ.’ ಹತ್ತು ದಿನ ಬಿಟ್ಟು ಬಟ್ಟಲುಗಳ ಹಲಗೆಯ ಪಕ್ಕದಲ್ಲೇ ಬಿದ್ದಳು. ನಾನು ಹೋಗುವಷ್ಟರಲ್ಲಿ ಆಂಬುಲೆನ್ಸಿನಲ್ಲಿ ಅವಳ ಕೈಕಾಲು ಸೆಟೆದು ಅದುರುತ್ತಿದ್ದವು, ನಾಲಗೆ ಕಚ್ಚಿಕೊಂಡಿದ್ದಳು.

ಮನೆಗೆ ಬಟ್ಟೆ ತರಲು ಬಂದಾಗ ಅವಳ ಕಪಾಟಿನಲ್ಲಿ ಏಳು ಡಬ್ಬಿ ಸಿಕ್ಕವು, ಆರು ಖಾಲಿ. ಏಳನ್ನೂ ಹೊತ್ತುಕೊಂಡು ಹೋಗಿ ಡಾಕ್ಟರ್ ಇನುಕಾಯ್ ಅವರ ಮೇಜಿನ ಮೇಲಿಟ್ಟೆ. ಅವರು ಕೂಗಾಡಲಿಲ್ಲ. ‘ಪುಡಿ ಏನು ಮಾಡಿತೋ ನಾನು ಹೇಳಲಾರೆ. ಮಾತ್ರೆ ಬಿಟ್ಟದ್ದು ಏನು ಮಾಡಿತು ಅಂತ ಮಾತ್ರ ಚೆನ್ನಾಗಿ ಗೊತ್ತು’ ಅಂದರು. ಮೂತ್ರಪಿಂಡದಿಂದ ಸೂಜಿಯಲ್ಲಿ ಚೂರು ತೆಗೆದು ನೋಡಿ, ದೊಡ್ಡ ಪ್ರಮಾಣದ ಸ್ಟೀರಾಯ್ಡನ್ನು ರಕ್ತನಾಳಕ್ಕೇ ಹರಿಸಿದರು. ಜೊತೆಗೆ ಕೂದಲು ಉದುರಿಸುವ ಇನ್ನೊಂದು ಔಷಧಿ. ಮೂತ್ರಪಿಂಡ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಉಳಿದಿದೆ. ಹೋದದ್ದು ಹೋಯಿತು.

ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಬರೆಯದಿದ್ದರೆ ನಾನೂ ನಿನ್ನ ಜಾತಿಯವಳೇ ಆಗುತ್ತೇನೆ. ಪ್ರಜ್ಞೆ ಬಂದ ಮೂರನೆಯ ದಿನ ಅವಳ ಬಾಯಿಗೆ ಗಂಜಿ ಹಾಕುತ್ತಾ ‘ಮನೆಯಲ್ಲೇ ತಿಳಿದವಳು ಒಬ್ಬಳಿದ್ದೆನಲ್ಲೇ, ಒಂದು ಮಾತು ಕೇಳಬಾರದಿತ್ತಾ? ಆ ಪೆದ್ದನ ಮಾತು ಕೇಳಿದೆಯಲ್ಲ!’ ಎಂದು ಗದರಿದೆ. ಅವಳು ಚಮಚ ಪಕ್ಕಕ್ಕೆ ಸರಿಸಿದಳು. ‘ಕೇಳಿದೆ ಅಕ್ಕಾ. ಅವನು ಹೋದ ಮಾರನೇ ದಿನಾನೇ ಕೇಳಿದೆ. ಅಣಬೆನಾ, ಸೂಪಿಗೆ ಹಾಕು ಅಂತ ನೀನು ನಕ್ಕುಬಿಟ್ಟು ಎದ್ದುಹೋದೆ. ಅವನು ಎರಡು ಗಂಟೆ ಪಕ್ಕದಲ್ಲಿ ಕೂತಿದ್ದ. ಎಂಟು ವರ್ಷದಲ್ಲಿ ನನ್ನ ಮುಖದ ವಿಷಯ ಒಬ್ಬರೂ ಅಷ್ಟು ಹೊತ್ತು ಕೂತು ಕೇಳಿರಲಿಲ್ಲ’ ಅಂದಳು. ಹೌದು, ನಕ್ಕಿದ್ದೆ. ಈಗ ನಿನಗೆ ಬರೆದ ಈ ಇಲಿಯ ಕಥೆಯನ್ನು ಅವಳಿಗೆ ಒಂದು ದಿನವೂ ಹೇಳಿರಲಿಲ್ಲ. ನಿನ್ನಂಥವರನ್ನು ಕಂಡರೆ ನನಗೆ ಹೇಸಿಗೆ, ಆ ಹೇಸಿಗೆಯೇ ಬುದ್ಧಿವಂತಿಕೆ ಎಂದುಕೊಂಡು ಮೂವತ್ತು ವರ್ಷ ಕಳೆದೆ. ಅದರಿಂದ ನಿನ್ನ ಮೇಲಿನ ತಾತ್ಸಾರ ಒಂದು ಎಳ್ಳಿನಷ್ಟೂ ಕಡಿಮೆಯಾಗಿಲ್ಲ, ತಿಳಿದಿರಲಿ. ಅದರ ಪಾಲಿಗೆ ಈಗ ನಾನೂ ಸೇರಿಕೊಂಡಿದ್ದೇನೆ, ಅಷ್ಟೆ.

ಮುಖ ಮತ್ತೆ ಉಬ್ಬಿದೆ. ತಲೆಗೆ ಹೆಣೆದ ಟೋಪಿ. ಮೊನ್ನೆ ಕುಂಚ ಹಿಡಿದು ಹಳೇ ಪತ್ರಿಕೆಯ ಮೇಲೆ ಗೆರೆ ಎಳೆದು ನೋಡಿದಳು, ಸೊಟ್ಟಗೆ ಬಂತು. ‘ನಾಳೆ ನೋಡೋಣ’ ಎಂದು ಕುಂಚ ತೊಳೆದಿಟ್ಟಳು.

ನಿನ್ನ ಹೆಂಡತಿಗೆ ನನ್ನ ನೆನಪು ತಿಳಿಸು. ಅವಳ ಮೇಲೆ ಸಿಟ್ಟಿಲ್ಲ, ಕನಿಕರವಿದೆ. ಚಳಿಯಲ್ಲಿ ಕುತ್ತಿಗೆಗೆ ಬೆಚ್ಚಗೆ ಸುತ್ತಿಕೋ. ಚಿಕ್ಕಂದಿನಿಂದ ನಿನಗೆ ಗಂಟಲು ಸೂಕ್ಷ್ಮ. ಒಳ್ಳೆಯದಾಗಲಿ ಎಂದು ಹರಸಲು ಮನಸ್ಸು ಬರುತ್ತಿಲ್ಲ, ಒಳ್ಳೆಯ ಬುದ್ಧಿ ಬರಲಿ.

ನಿನ್ನ ಅಕ್ಕ,
ಮಿತ್ಸುಯೊ

ಮರೆತು ಲಕೋಟೆ ಅಂಟಿಸುವುದರಲ್ಲಿದ್ದೆ. ಗುರುವಾರ ಮಧ್ಯಾಹ್ನ ಕುರುಮೆ ಊರಿನಿಂದ ಹೊಂಜೊ ಎಂಬ ತಾಯಿಯ ಫೋನ್ ಬಂತು. ನಿನ್ನ ಪುಸ್ತಿಕೆಯಲ್ಲಿದ್ದ ಹೆಸರು, ಊರು ಹಿಡಿದು ವಿಚಾರಿಸಿ ನಮ್ಮ ನಂಬರ್ ಪಡೆದರಂತೆ. ಹದಿನೇಳರ ಮಗಳು, ಇದೇ ಕಾಯಿಲೆ, ಮಾತ್ರೆ ಬಿಟ್ಟು ಹನ್ನೊಂದು ದಿನ. ಕಾಲು ಬಾತಿದೆ, ನಿನ್ನ ಆಫೀಸಿನಲ್ಲಿ ‘ಒಳ್ಳೇ ಲಕ್ಷಣ’ ಅಂದರಂತೆ. ನಾನು ಬೈಯಲು ಸಿದ್ಧಳಾಗಿ ಕೈ ಚಾಚಿದೆ, ಕೊಹಾರು ರಿಸೀವರ್ ಕೊಡಲಿಲ್ಲ. ಒಂದು ಬೈಗುಳವಿಲ್ಲದೆ ನಲವತ್ತು ನಿಮಿಷ ಮಾತಾಡಿದಳು, ಆ ಹುಡುಗಿಯ ಜೊತೆಗೂ. ‘ನಾಳೆ ಅಲ್ಲಮ್ಮ, ಈಗಲೇ ಹೊರಡು’ ಅಂದಳು. ಸಂಜೆಯೇ ಆಸ್ಪತ್ರೆಗೆ ಸೇರಿಸಿದರಂತೆ, ಸಮಯಕ್ಕೆ ಸರಿಯಾಗಿ. ಇನ್ನೂ ಎಷ್ಟು ಜನ, ಟೆಪ್ಪೇ? ಕೊಂಡವರ ಹೆಸರೆಲ್ಲ ನಿನ್ನ ಬಳಿ ಇವೆ. ಒಬ್ಬೊಬ್ಬರಿಗೂ ನೀನೇ ಫೋನ್ ಮಾಡಿ ಹೇಳಬೇಕು. ಜನವರಿ ಇಪ್ಪತ್ತೈದಕ್ಕೆ ಹಕಾತಾದಲ್ಲಿ ಪುಡಿ ಮಾರಲು ನೀನು ಕರೆದಿರುವ ಸಭೆಗೆ ಅವಳು ರೈಲಿನ ಟಿಕೆಟ್ ತೆಗೆದಿಟ್ಟಿದ್ದಾಳೆ. ಮುಂದಿನ ಸಾಲಿನಲ್ಲಿ ಕೂತು ಮಾಸ್ಕ್ ತೆಗೆದು, ನಿನ್ನ ಪುಸ್ತಿಕೆಯ ಫೋಟೋದ ಮುಖ ಈಗ ಹೇಗಿದೆ ಎಂದು ತೋರಿಸುತ್ತಾಳಂತೆ, ಅಷ್ಟೇ ಅಂತೆ. ಈಗಿನ ಔಷಧಿಯಲ್ಲಿ ಜನಸಂದಣಿಗೆ ಹೋದರೆ ಜೀವಕ್ಕೇ ಅಪಾಯ ಎಂದು ಡಾಕ್ಟರ್ ಹೇಳಿದ್ದಾರೆ, ನನ್ನ ಮಾತು ಅವಳು ಕೇಳುತ್ತಿಲ್ಲ. ಆ ಸಭೆಯನ್ನೇ ನಿಲ್ಲಿಸಿ ಅವಳು ಹೊರಡದ ಹಾಗೆ ಮಾಡುವುದು ಈಗ ನಿನ್ನೊಬ್ಬನಿಂದಲೇ ಆಗುವ ಕೆಲಸ.